ಎರಡು ತಿಂಗಳು ಬೀಗ ಹಾಕಿದ್ದಕ್ಕೆ ರಾಕೆಟ್ ಪರೀಕ್ಷೆ ಅಷ್ಟೊಂದು ತಡ ಯಾಕೆ?

ಕುತೂಹಲಿ_ಕಿಟ್ಟಿ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ನಾನು ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ರಾಕೆಟ್ ಹುಚ್ಚು ಇದೆ ಅಷ್ಟೇ, ಒಳಗಿನ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲ.

ನಾಸಾದ ಎಸ್‌ಎಲ್‌ಎಸ್ ರಾಕೆಟ್ ಇದೆಯಲ್ಲ, ಚಂದ್ರನ ಕಡೆ ಹೋಗುವ ಆರ್ಟೆಮಿಸ್‌ನದ್ದು, ಅದರ ಕೋರ್ ಸ್ಟೇಜನ್ನು (ಟ್ಯಾಂಕ್, ನಾಲ್ಕು ಇಂಜಿನ್ ಇರುವ ನಡುವಿನ ದೊಡ್ಡ ಭಾಗ) 2020ರ ಜನವರಿಯಲ್ಲಿ ಬಾರ್ಜ್ ಅನ್ನುವ ಸರಕು ದೋಣಿ ಮೇಲೆ ಮಿಸ್ಸಿಸ್ಸಿಪ್ಪಿಯ ಸ್ಟೆನಿಸ್ ಕೇಂದ್ರಕ್ಕೆ ತಂದರು. ಅದೇ ತಿಂಗಳು ಬಿ-2 ಟೆಸ್ಟ್ ಸ್ಟ್ಯಾಂಡ್ (ಇಂಜಿನ್ ಉರಿಸಿ ನೋಡುವ ಕಟ್ಟಡ) ಮೇಲೆ ಎತ್ತಿ ನಿಲ್ಲಿಸಿದರು. ಒಂದು ಪರೀಕ್ಷೆಯನ್ನೂ ಮುಗಿಸಿದ್ದರು. ಅಷ್ಟರಲ್ಲಿ ಕೊರೊನಾ. ಸ್ಟೆನಿಸ್‌ನಲ್ಲಿ ಒಬ್ಬರಿಗೆ ಪಾಸಿಟಿವ್ ಬಂತು, ಮಾರ್ಚ್ 20ರಿಂದ ಕೆಲಸ ಬಂದ್, ರಾಕೆಟ್ ಕಟ್ಟುವ ಮಿಶೂ ಕಾರ್ಖಾನೆಯೂ ಬಂದ್. ಮೇ ಮಧ್ಯದ ಹೊತ್ತಿಗೆ ಸ್ಟೆನಿಸ್‌ನಲ್ಲಿ ಮತ್ತೆ ಜನ ಬಂದರು. ಅಂದರೆ ಹೆಚ್ಚುಕಮ್ಮಿ ಎರಡು ತಿಂಗಳು, ಅಲ್ವಾ? ಆದರೆ ನಾಲ್ಕೂ ಇಂಜಿನ್ ಒಟ್ಟಿಗೆ ಉರಿದದ್ದು 2021ರ ಜನವರಿ 16ಕ್ಕೆ.

ಮಧ್ಯೆ ಅಷ್ಟು ತಿಂಗಳು ಎಲ್ಲಿಗೆ ಹೋದವು? ಇನ್ನೊಂದು, ಇವರೆಲ್ಲ ಮನೆಯಿಂದ ಕೆಲಸ ಮಾಡುತ್ತಿದ್ದರು ಅಂತ ಓದಿದೆ. ಡಿಸೈನ್ ಎಲ್ಲಾ ಕಂಪ್ಯೂಟರ್‌ನಲ್ಲೇ ಇರುತ್ತದೆ, ಪರೀಕ್ಷೆ ನಡೆಸುವುದೂ ಕಂಪ್ಯೂಟರೇ, ಹಾಗಿದ್ದರೆ ಮನೆಯಿಂದ ಆಗದೇ ಇದ್ದದ್ದು ಏನು? ಪೆದ್ದು ಪ್ರಶ್ನೆ ಅನ್ನಿಸಿದರೆ ಬೈಯಬೇಡಿ.

---

ಹಳೇ_ಸ್ಪ್ಯಾನರ್:

ಪೆದ್ದು ಪ್ರಶ್ನೆ ಅಲ್ಲಪ್ಪ. ನಮ್ಮ ಮೇಲಿನವರೇ ಇದನ್ನು ಕೇಳಿದ್ದರು, ನಿನ್ನಷ್ಟು ವಿನಯದಿಂದ ಕೇಳಲಿಲ್ಲ ಅಷ್ಟೇ.

ನಾನು ನಾಸಾದವನಲ್ಲ. ದ್ರವ ಇಂಧನದ ಇಂಜಿನ್ ಪರೀಕ್ಷಿಸುವ ಒಂದು ಜಾಗದಲ್ಲಿ ಇನ್‌ಸ್ಟ್ರುಮೆಂಟೇಷನ್ ನೋಡಿಕೊಳ್ಳುತ್ತಿದ್ದೆ. ಯಾವ ಜಾಗ ಅಂತ ಕೇಳಬೇಡಿ. ಸೆನ್ಸರ್, ವೈರು, ಗೇಜು ಇವೇ ನನ್ನ ಸಂಸಾರ. ನಮ್ಮದು ಎಸ್‌ಎಲ್‌ಎಸ್‌ನ ಮುಂದೆ ಆಟಿಕೆ, ಆದರೆ ಬೀಗ ಬಿದ್ದಾಗ ಆಗುವುದು ಎಲ್ಲಾ ಕಡೆ ಒಂದೇ.

ಟೆಸ್ಟ್ ಸ್ಟ್ಯಾಂಡ್ ಅಂದರೆ ಫ್ಯಾನ್ ಅಲ್ಲ, ಸ್ವಿಚ್ ಆಫ್ ಮಾಡಿ ಮನೆಗೆ ಹೋಗುವುದಕ್ಕೆ. ಟ್ಯಾಂಕ್ ಒಳಗೆ, ಪೈಪ್ ಒಳಗೆ ತೇವ ಹೋಗಬಾರದು, ಹಾಗಾಗಿ ಒಣ ನೈಟ್ರೋಜನ್ ಒತ್ತಡ ಕೊಡುತ್ತಲೇ ಇರಬೇಕು. ತೇವ ಉಳಿದರೆ ಮುಂದೆ ವಿಪರೀತ ತಣ್ಣಗಿರುವ ಲಿಕ್ವಿಡ್ ಆಕ್ಸಿಜನ್ ತುಂಬಿದ ದಿನ ಅದು ಮಂಜುಗಡ್ಡೆಯಾಗಿ ಯಾವುದೋ ವಾಲ್ವ್‌ನ ಬಾಯಿಗೆ ಕೂರುತ್ತದೆ. ಹೀಗೆ ಬೀಗ ಹಾಕುವುದನ್ನು ನಾಸಾ ತನ್ನ ಕೊರೊನಾ ನಿಯಮದಲ್ಲಿ 4ನೇ ಹಂತ ಅಂತ ಕರೆದಿತ್ತು: ಸುರಕ್ಷತೆ, ಕಾವಲು ನೋಡುವ ಕೆಲವರನ್ನು ಬಿಟ್ಟು ಉಳಿದವರೆಲ್ಲ ಮನೆಯಲ್ಲಿ. ನಮ್ಮಲ್ಲೂ ನಾಲ್ಕು ಜನ ಸರದಿ ಮೇಲೆ ಬರುತ್ತಿದ್ದರು. ಒತ್ತಡ ನೋಡುವುದು, ಬರೆದುಕೊಳ್ಳುವುದು, ಹೋಗುವುದು. ಮುಂದಿನ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಈಗ ಬೀಗ ತೆಗೆದ ದಿನದ ಕಥೆ. ಒಳಗೆ ಹೋದೆ, ಟಾರ್ಕ್ ರೆಂಚ್ ಕೈಗೆತ್ತಿಕೊಂಡೆ, ಬೋಲ್ಟನ್ನು ಅಳತೆ ಪ್ರಕಾರ ಬಿಗಿ ಮಾಡುವ ಪಾನಾ ಅದು. ಅದರ ಹಿಡಿಕೆ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ, ಮುಂದಿನ ಕ್ಯಾಲಿಬ್ರೇಷನ್, ಅಂದರೆ ಅದರ ಅಳತೆ ಸರಿ ಇದೆಯಾ ಅಂತ ನೋಡುವ ಪರೀಕ್ಷೆ, ಯಾವಾಗ ಅಂತ. ಆ ದಿನಾಂಕ ಮುಗಿದು ಮೂರು ವಾರ ಆಗಿತ್ತು. ಪಕ್ಕದ್ದು ನೋಡಿದೆ, ಅದೂ ಮುಗಿದಿದೆ. ಪ್ರೆಶರ್ ಗೇಜ್‌ಗಳ ಪ್ಯಾನೆಲ್ ಹತ್ತಿರ ಹೋದರೆ ಅರ್ಧಕ್ಕರ್ಧ ಮುಗಿದಿವೆ. ರೆಂಚ್‌ಗೆ ಏನೂ ಆಗಿಲ್ಲ, ಎರಡು ತಿಂಗಳು ಡಬ್ಬಿಯಲ್ಲಿ ಸುಮ್ನೆ ಮಲಗಿತ್ತು. ಆದರೆ ಆ ಸ್ಟಿಕ್ಕರ್ ಇಟ್ಟುಕೊಂಡು ಒಂದು ಬೋಲ್ಟ್ ಬಿಗಿ ಮಾಡಿದರೂ ಕ್ವಾಲಿಟಿಯವರು ಸಹಿ ಹಾಕುವುದಿಲ್ಲ, ಹಾಕಲೂ ಬಾರದು. ಸರಿ ಅಂತ ಕ್ಯಾಲಿಬ್ರೇಷನ್ ಲ್ಯಾಬ್‌ಗೆ ಕಳಿಸೋಣ ಅಂದರೆ ಅವರೂ ಆವತ್ತೇ ಬಾಗಿಲು ತೆಗೆದಿದ್ದಾರೆ, ಎಲ್ಲರ ಗೇಜೂ ಅವರ ಬಾಗಿಲಲ್ಲೇ ಸಾಲು ನಿಂತಿವೆ.

ಅದಾದ ಮೇಲೆ ನಿಲ್ಲಿಸಿದ್ದು ಎಲ್ಲಿ ಅನ್ನುವ ಪ್ರಶ್ನೆ. ಪ್ರತಿ ಕೆಲಸಕ್ಕೂ ಒಂದು ಪುಸ್ತಕ ಇರುತ್ತದೆ, ಒಂದೊಂದು ಹೆಜ್ಜೆಗೂ ಮಾಡಿದವರ ಸಹಿ, ನೋಡಿದವರ ಸಹಿ. ಒಂದು ಫ್ಲೇಂಜ್‌ನ (ಎರಡು ಪೈಪನ್ನು ಬೋಲ್ಟ್ ಹಾಕಿ ಕೂಡಿಸುವ ಜಾಗ) ಹೆಜ್ಜೆಯಲ್ಲಿ ಟೆಕ್ನಿಷಿಯನ್ ಸಹಿ ಇದೆ, ಇನ್‌ಸ್ಪೆಕ್ಟರ್ ಸಹಿ ಇಲ್ಲ. ಮನೆಗೆ ಹೋಗಿ ಅಂದ ದಿನ ಮಧ್ಯಾಹ್ನ ಮಾಡಿದ ಕೆಲಸ ಅದು. ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿದರೆ ಅವರು ಕ್ವಾರಂಟೈನ್‌ನಲ್ಲಿ. ನೋಡಿದೆನಾ ಇಲ್ಲವಾ ಅಂತ ಅವರಿಗೇ ನೆನಪಿಲ್ಲ. ಹಾಗಾಗಿ ಬಿಚ್ಚಿ, ಮತ್ತೆ ಹಾಕಿ.

ಇನ್ನು ದೂರ ದೂರ ನಿಲ್ಲಿ ಅನ್ನುವ ನಿಯಮ. ಇಂಜಿನ್ ಕೂರುವ ಜಾಗದಲ್ಲಿ ಒಬ್ಬ ಪೈಪ್ ಹಿಡಿದಿರುತ್ತಾನೆ, ಇನ್ನೊಬ್ಬ ಬಿಗಿ ಮಾಡುತ್ತಾನೆ, ಮೂರನೆಯವನು ಓದಿ ಹೇಳುತ್ತಾನೆ, ನಾಲ್ಕನೆಯವನು ನೋಡುತ್ತಾನೆ. ಒಬ್ಬರ ಮೊಣಕೈ ಇನ್ನೊಬ್ಬರ ಮುಖಕ್ಕೆ ತಾಗುವಷ್ಟು ಜಾಗ. ಆರಡಿ ದೂರ ನಿಂತು ಅಲ್ಲಿ ಏನೂ ಮಾಡಲಾಗದು. ಎರಡು ತಂಡ ಮಾಡಿದೆವು, ಒಂದು ತಂಡದವರು ಇನ್ನೊಂದು ತಂಡದ ಮುಖ ನೋಡುವಂತಿಲ್ಲ. ಒಂದು ತಂಡದಲ್ಲಿ ಒಬ್ಬನಿಗೆ ಜ್ವರ ಬಂದರೆ ಇಡೀ ತಂಡ ಹದಿನಾಲ್ಕು ದಿನ ಮನೆಯಲ್ಲಿ.

ಎಸ್‌ಎಲ್‌ಎಸ್‌ಗೆ ಇಂಥ ಪರೀಕ್ಷೆ ಎಂಟು, ಗ್ರೀನ್ ರನ್ ಅಂತ ಅದಕ್ಕೆ ಹೆಸರು. ಒಂದು ಮುಗಿಯದೆ ಇನ್ನೊಂದಕ್ಕೆ ಹೋಗುವಂತಿಲ್ಲ. ನೀನು ಹೇಳುವ ಮುಗಿದ ಪರೀಕ್ಷೆ ಮೊದಲನೆಯದು, ಸ್ಟೇಜನ್ನು ಅಲುಗಾಡಿಸಿ ಅದು ಹೇಗೆ ಕಂಪಿಸುತ್ತದೆ ಅಂತ ನೋಡುವುದು. ಇಂಜಿನ್ ಉರಿಸುವುದು ಕೊನೆಯದು. ಮಧ್ಯೆ ಎಲೆಕ್ಟ್ರಾನಿಕ್ಸ್, ಸೋರಿಕೆ, ಹೈಡ್ರಾಲಿಕ್ಸ್, ಸುಳ್ಳು ಕೌಂಟ್‌ಡೌನ್, ಇಂಧನ ತುಂಬಿ ನೋಡುವುದು ಎಲ್ಲಾ ಇದೆ.

ಮನೆಯಿಂದ ಆಗದೇ ಇದ್ದದ್ದು ಏನು ಅಂತ ಕೇಳಿದೆಯಲ್ಲ, ಅದನ್ನು ಸಂಜೆ ಬರೆಯುತ್ತೇನೆ.

---

ತಾರೆಜಾಡು:

ಸ್ಪ್ಯಾನರ್ ಸರ್ ಬರುವ ತನಕ ನಾನೊಂದು ಉದಾಹರಣೆ ಹಾಕುತ್ತೇನೆ, ಯಾಕೆಂದರೆ ಮನೆಯಿಂದ ಆಗಲೇ ಇಲ್ಲ ಅಂತ ಯಾರೂ ತಿಳಿಯಬಾರದು.

ಮಂಗಳ ಗ್ರಹದ ಕ್ಯೂರಿಯಾಸಿಟಿ ರೋವರ್ ತಂಡ 2020ರ ಮಾರ್ಚ್ 20ರಂದು, ಅಂದರೆ ಸ್ಟೆನಿಸ್‌ಗೆ ಬೀಗ ಬಿದ್ದ ಅದೇ ದಿನ, ಮೊದಲ ಸಲ ಪೂರ್ತಿ ಮನೆಯಿಂದ ರೋವರ್‌ನ ಕೆಲಸ ಯೋಜನೆ ಮಾಡಿತು. ರೋವರ್ ನಡೆಸುವ ನಾಸಾ ಪ್ರಯೋಗಾಲಯ ಜೆಪಿಎಲ್‌ನ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಆಫೀಸಿನಲ್ಲಿದ್ದಾಗ ಅವರು ವಿಶೇಷ ಕನ್ನಡಕ ಹಾಕಿಕೊಂಡು ಮಂಗಳದ ನೆಲವನ್ನು ಮೂರು ಆಯಾಮದಲ್ಲಿ ನೋಡುತ್ತಿದ್ದರು, ತೋಳು ಎಲ್ಲಿಗೆ ಚಾಚಬೇಕು, ಚಕ್ರ ಎಲ್ಲಿ ಇಡಬೇಕು ಅಂತ. ಆ ಕನ್ನಡಕಕ್ಕೆ ದೊಡ್ಡ ಗ್ರಾಫಿಕ್ಸ್ ಇರುವ ಕಂಪ್ಯೂಟರ್ ಬೇಕು, ಅದನ್ನು ಮನೆಗೆ ಸಾಗಿಸಲು ಆಗಲಿಲ್ಲ. ಏನು ಮಾಡಿದರು ಗೊತ್ತಾ? ಕೆಂಪು-ನೀಲಿ ಗಾಜಿನ ಅಗ್ಗದ ತ್ರೀಡಿ ಕನ್ನಡಕ, ನಾವು ಚಿಕ್ಕಂದಿನಲ್ಲಿ ಆಟಕ್ಕೆ ಹಾಕಿಕೊಳ್ಳುತ್ತಿದ್ದೆವಲ್ಲ, ಅದನ್ನೇ ಹಾಕಿಕೊಂಡರು. ಎರಡು ದಿನದ ನಂತರ ರೋವರ್ ಎಡಿನ್‌ಬರ್ಗ್ ಅಂತ ಹೆಸರಿಟ್ಟ ಜಾಗದಲ್ಲಿ ಕಲ್ಲು ಕೊರೆಯಿತು.

ಆದರೆ ಆ ರೋವರ್ ಹತ್ತಿರ ಹೋಗಿ ನಟ್ ಬಿಗಿ ಮಾಡುವವರು ಮೊದಲೂ ಇರಲಿಲ್ಲ ಅನ್ನುವುದು ನಿಜ. ಅದು ಶುರುವಿನಿಂದಲೂ ದೂರದ ಕೆಲಸವೇ. ಜೊತೆಗೆ ಮೇಲೆ ಹಾರುತ್ತಿರುವ ನೌಕೆಗಳಿಗೂ ಬಿಸಿ ತಟ್ಟಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾ ಆ ಮಾರ್ಚ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಿಯಂತ್ರಣ ಕೇಂದ್ರದಲ್ಲಿ ಜನ ಕಡಿಮೆ ಮಾಡಲು ನಾಲ್ಕು ವೈಜ್ಞಾನಿಕ ಮಿಷನ್‌ಗಳ ಉಪಕರಣಗಳನ್ನು ಕೆಲಕಾಲ ನಿಲ್ಲಿಸಿತ್ತು. ಮಾರ್ಸ್ ಎಕ್ಸ್‌ಪ್ರೆಸ್, ಆಗಷ್ಟೇ ಹಾರಿದ್ದ ಸೋಲಾರ್ ಆರ್ಬಿಟರ್ ಎಲ್ಲಾ ಅದರಲ್ಲಿದ್ದವು.

---

ನೇರಾನೇರ:

ಎಲ್ಲರೂ ಕೊರೊನಾ ಪುರಾಣ ಹೇಳುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ.

ಎಸ್‌ಎಲ್‌ಎಸ್ ಕೊರೊನಾ ಬರುವ ಮುಂಚೆಯೇ ತಡವಾಗಿತ್ತು ಸ್ವಾಮಿ. 2010ರ ಕಾನೂನಿನಲ್ಲಿ ಅದು 2016ರ ಕೊನೆಗೆ ಸಿದ್ಧ ಇರಬೇಕು ಅಂತ ಇತ್ತು. 2020ರಲ್ಲಿ ಅದು ಇನ್ನೂ ಟೆಸ್ಟ್ ಸ್ಟ್ಯಾಂಡ್ ಮೇಲಿತ್ತು. ಮಂಗಳಕ್ಕೆ ಹೋಗಬೇಕಿದ್ದ ಯುರೋಪಿನ ಎಕ್ಸೋಮಾರ್ಸ್ ರೋವರ್ ನೋಡಿ, 2020ರ ಮಾರ್ಚ್‌ನಲ್ಲಿ ಮುಂದೂಡಿದರು, ಹೇಳಿಕೆಯಲ್ಲಿ ಕೊರೊನಾನೂ ಇತ್ತು, ಆದರೆ ಪರೀಕ್ಷೆಯಲ್ಲಿ ಪ್ಯಾರಾಚೂಟ್ ಹರಿದು ಹೋಗುತ್ತಿದ್ದದ್ದು ವೈರಸ್‌ನಿಂದಲಾ? ನಮ್ಮಲ್ಲೂ ಇಸ್ರೋದ ಜಿಐಸ್ಯಾಟ್-1 ಉಪಗ್ರಹ ಜಿಎಸ್‌ಎಲ್‌ವಿ ಎಫ್-10 ರಾಕೆಟ್ ಮೇಲೆ 2020ರ ಮಾರ್ಚ್ 5ಕ್ಕೆ ಹಾರಬೇಕಿತ್ತು, ಹಿಂದಿನ ದಿನ ತಾಂತ್ರಿಕ ಕಾರಣಕ್ಕೆ ನಿಲ್ಲಿಸಿದರು. ಆಗ ಲಾಕ್‌ಡೌನ್ ಇರಲೇ ಇಲ್ಲ.

ಮನಸ್ಸಿದ್ದಾಗ ಎಲ್ಲಾ ನಡೆಯುತ್ತದೆ. 2020ರ ಮೇ 30ಕ್ಕೆ ಸ್ಪೇಸ್‌ಎಕ್ಸ್ ಇಬ್ಬರನ್ನು ಕೂರಿಸಿಕೊಂಡು ಹಾರಿತು. ಜುಲೈ 30ಕ್ಕೆ ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳಕ್ಕೆ ಹೊರಟಿತು. ಕೊರೊನಾ ತಲೆಗೆ ಕಟ್ಟುವುದು ಸುಲಭ, ಯಾರೂ ಪ್ರಶ್ನೆ ಕೇಳುವುದಿಲ್ಲ. ನಾಸಾದ ಆಡಿಟ್‌ನವರು 2021ರಲ್ಲಿ ಲೆಕ್ಕ ಹಾಕಿದಾಗ ಕೊರೊನಾದ ಹೊರೆ ಸುಮಾರು 300 ಕೋಟಿ ಡಾಲರ್ ಅಂತ ಬಂತು. ಅದರಲ್ಲಿ ಹಳೇ ಸಾಲ ಎಷ್ಟು ಸೇರಿತ್ತೋ ದೇವರೇ ಬಲ್ಲ.

---

ಹಳೇ_ಸ್ಪ್ಯಾನರ್:

ನೇರಾನೇರ ಅವರೇ, ಅರ್ಧ ಒಪ್ಪುತ್ತೇನೆ. ಪರ್ಸಿವಿಯರೆನ್ಸ್ ಹೊರಟಿತು ನಿಜ, ಆದರೆ ಅದು ಫೆಬ್ರವರಿಯಲ್ಲೇ ಫ್ಲೋರಿಡಾಕ್ಕೆ ಬಂದು ತಲುಪಿತ್ತು, ಉಳಿದಿದ್ದು ಕೊನೆಯ ಜೋಡಣೆ. ಮಂಗಳದ ದಾರಿ 26 ತಿಂಗಳಿಗೊಮ್ಮೆ ತೆರೆಯುತ್ತದೆ, ತಪ್ಪಿದರೆ 2022. ಅದಕ್ಕೇ ನಾಸಾ ಇರುವ ಜನರನ್ನೆಲ್ಲ ಅದರ ಹಿಂದೆ ನಿಲ್ಲಿಸಿತು. ಬೇರೆ ಕೆಲಸಗಳು ಕಾದವು. ಜೇಮ್ಸ್ ವೆಬ್ ಟೆಲಿಸ್ಕೋಪ್ ಅಂಥದ್ದೊಂದು, 2021ರ ಮಾರ್ಚ್‌ನಿಂದ ಅಕ್ಟೋಬರ್‌ಗೆ ಹೋಯಿತು, ಕೊನೆಗೆ ಡಿಸೆಂಬರ್ 25ಕ್ಕೆ ಹಾರಿತು. ಅದರ ಹಳೇ ಇತಿಹಾಸ ತೆಗೆದರೆ ನೀವು ಮತ್ತೆ ನನ್ನನ್ನು ಹಿಡಿಯುತ್ತೀರಿ, ಬಿಡಿ.

ಕಿಟ್ಟಿ, ಸ್ಟೆನಿಸ್‌ನ ಉಳಿದ ತಿಂಗಳುಗಳಲ್ಲಿ ಚಂಡಮಾರುತದ್ದೂ ಪಾಲಿದೆ. 2020ರಲ್ಲಿ ಆ ಕರಾವಳಿಗೆ ಲಾರಾ, ಮಾರ್ಕೊ, ಸ್ಯಾಲಿ, ಡೆಲ್ಟಾ, ಝೀಟಾ ಅಂತ ಒಂದರ ಹಿಂದೊಂದು ಬಂದವು. ಪ್ರತಿ ಸಲ ಸ್ಟ್ಯಾಂಡ್ ಮುಚ್ಚು, ಭದ್ರ ಮಾಡು, ಮತ್ತೆ ಬಿಚ್ಚು. ಬೇಸಿಗೆ ಮುಗಿಯುವುದರೊಳಗೆ ಮುಗಿಸಬಹುದಾಗಿದ್ದ ಕೆಲಸವನ್ನು ಎರಡು ತಿಂಗಳು ತಳ್ಳಿದರೆ ಅದು ನೇರ ಹೋಗಿ ಮಾರುತದ ಕಾಲದ ಬಾಯಿಗೇ ಬೀಳುತ್ತದೆ. ಎರಡು ಎರಡಾಗಿ ಉಳಿಯುವುದಿಲ್ಲ ಅನ್ನುವುದು ಇದಕ್ಕೇ.

ಜನವರಿ 16ರಂದು ಉರಿಸಿದಾಗಲೂ 485 ಸೆಕೆಂಡ್ ಅಂದುಕೊಂಡಿದ್ದು 67 ಸೆಕೆಂಡ್‌ಗೇ ನಿಂತಿತು. ಇಂಜಿನ್ ಹೊರಳಿಸುವ ಹೈಡ್ರಾಲಿಕ್ಸ್‌ನ ಒಂದು ಅಳತೆ ಮಿತಿ ದಾಟಿತ್ತು. ಪರೀಕ್ಷೆಗೆ ಅಂತ ಆ ಮಿತಿಯನ್ನು ಬೇಕೆಂದೇ ಬಿಗಿಯಾಗಿ ಇಟ್ಟಿದ್ದರು. ಮಾರ್ಚ್ 18ಕ್ಕೆ ಮತ್ತೆ ಉರಿಸಿದರು, 499 ಸೆಕೆಂಡ್ ದಾಟಿ ಉರಿಯಿತು. ಈ ಎರಡು ತಿಂಗಳನ್ನು ಕೊರೊನಾ ಖಾತೆಗೆ ಬರೆಯಬೇಡಿ, ಅದು ಪರೀಕ್ಷೆ ತನ್ನ ಕೆಲಸ ಮಾಡಿದ್ದು.

ಇನ್ನೊಂದು ತಮಾಷೆ ಕೇಳಿ. ಕೋರ್ ಸ್ಟೇಜ್ ಇನ್ನೇನು ಬರುತ್ತದೆ ಅಂತ ಫ್ಲೋರಿಡಾದಲ್ಲಿ 2020ರ ನವೆಂಬರ್‌ನಲ್ಲೇ ಪಕ್ಕಕ್ಕೆ ಕಟ್ಟುವ ಘನ ಇಂಧನದ ಬೂಸ್ಟರ್ ರಾಕೆಟ್‌ಗಳನ್ನು ಒಂದರ ಮೇಲೊಂದು ಪೇರಿಸಲು ಶುರು ಮಾಡಿದರು. ಒಂದು ತುಂಡಿನ ಮೇಲೆ ಇನ್ನೊಂದನ್ನು ಕೂರಿಸಿದ ದಿನದಿಂದ ಆ ಜೋಡಣೆಗೆ ಒಂದು ವರ್ಷದ ಆಯಸ್ಸು ಅಂತ ಲೆಕ್ಕ. ಕೋರ್ ಸ್ಟೇಜ್ ಅಲ್ಲಿಗೆ ಬಂದದ್ದು 2021ರ ಏಪ್ರಿಲ್ ಕೊನೆಗೆ. ರಾಕೆಟ್ ಹಾರಿದ್ದು 2022ರ ನವೆಂಬರ್ 16ಕ್ಕೆ! ಮಧ್ಯೆ ಲೆಕ್ಕ ಹಾಕಿ, ತಪಾಸಣೆ ಮಾಡಿ ಆ ಆಯಸ್ಸನ್ನು ಹೆಚ್ಚಿಸಬೇಕಾಯಿತು. ಇಂಥ ಲೆಕ್ಕವನ್ನು ಮಾತ್ರ ಮನೆಯಲ್ಲಿ ಕೂತು ಮಾಡಬಹುದು ನೋಡಿ.

ಮನೆಯ ಕೆಲಸದ ವಿಷಯಕ್ಕೆ ಬರುತ್ತೇನೆ. ಆ ಎರಡು ತಿಂಗಳು ನಾವು ಹಳೇ ಪರೀಕ್ಷೆಗಳ ಡೇಟಾ ಮತ್ತೆ ತಿರುವಿ ಹಾಕಿದೆವು. ಚೆಕ್‌ಲಿಸ್ಟ್‌ಗಳನ್ನು ತಿದ್ದಿದೆವು, ಯಾವ ಅಳತೆ ಎಷ್ಟು ದಾಟಿದರೆ ಇಂಜಿನ್ ನಿಲ್ಲಿಸಬೇಕು ಅನ್ನುವ ಜಗಳಗಳನ್ನೆಲ್ಲ ಮುಗಿಸಿದೆವು. ಮೊದಲು ಯಾರಿಗೂ ಪುರುಸೊತ್ತು ಇರಲಿಲ್ಲ ಅದಕ್ಕೆ. ಸುಳ್ಳು ಹೇಳಲ್ಲ, ನಮ್ಮ ಕಾಗದಪತ್ರ ಅಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ.

ತೊಂದರೆ ಬೇರೆ ಕಡೆ. ಒಂದು ದಿನ ಹಳೇ ಗ್ರಾಫ್ ಒಂದರಲ್ಲಿ ಉಷ್ಣತೆಯ ಗೆರೆ ಸಣ್ಣಗೆ ಮೆಟ್ಟಿಲಿನ ಹಾಗೆ ಮೇಲೆ ಹತ್ತಿ ಇಳಿದಿತ್ತು. ಕಂಟ್ರೋಲ್ ರೂಮಿನಲ್ಲಿ ಆಗಿದ್ದರೆ ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಹಿಂದಿನಿಂದ ಬಗ್ಗಿ ನೋಡಿ, ಅಯ್ಯೋ ಅದರ ಕನೆಕ್ಟರ್ ಸಡಿಲ, ಅದು ಯಾವಾಗಲೂ ಹಾಗೇ ಅಂದುಬಿಡುತ್ತಿದ್ದರು. ಎರಡು ಸೆಕೆಂಡ್. ಮನೆಯಲ್ಲಿ ಮೂವರು ಕೂತು ಎರಡು ದಿನ ಮೇಲ್ ಬರೆದೆವು, ಇಂಜಿನ್‌ಗೆ ಇಂಧನ ನುಗ್ಗಿಸುವ ಟರ್ಬೊಪಂಪ್‌ನಲ್ಲಿ ಬಿಸಿ ಅನಿಲ ಸೋರಿದೆಯಾ ಅಂತ ಒಬ್ಬ ನಾಲ್ಕು ಪುಟದ ವರದಿಯನ್ನೇ ಮಾಡಿಬಿಟ್ಟ. ಟೆಕ್ನಿಷಿಯನ್‌ಗಳನ್ನು ಯಾರೂ ಆ ಮೇಲ್‌ಗೆ ಸೇರಿಸಿರಲಿಲ್ಲ, ಅವರಿಗೆ ಲ್ಯಾಪ್‌ಟಾಪ್ ಕೊಟ್ಟೇ ಇರಲಿಲ್ಲ. ಮನೆಯಿಂದ ಕೆಲಸ ಅಂದಾಗ ಕೈಯಿಂದ ಕೆಲಸ ಮಾಡುವವರಿಗೆ ಬರೀ ಮನೆ ಸಿಕ್ಕಿತು. ನನಗೆ ಇವತ್ತಿಗೂ ಬೇಸರ ಇರುವುದು ಅದಕ್ಕೆ.

---

ಮೈನಸ್183:

ಇಸ್ರೋ ಕಡೆಯದ್ದು ಸ್ವಲ್ಪ ಸೇರಿಸುತ್ತೇನೆ. 2019ರ ಡಿಸೆಂಬರ್ 11ರ ಪಿಎಸ್‌ಎಲ್‌ವಿ ಆದ ಮೇಲೆ ಶ್ರೀಹರಿಕೋಟಾದಿಂದ ಮುಂದಿನ ಉಡಾವಣೆ 2020ರ ನವೆಂಬರ್ 7ಕ್ಕೆ, ಪಿಎಸ್‌ಎಲ್‌ವಿ ಸಿ-49. ಹೆಚ್ಚುಕಮ್ಮಿ 11 ತಿಂಗಳು ಖಾಲಿ. ಬಾಹ್ಯಾಕಾಶದ ಕೆಲಸ ಮನೆಯಿಂದ ಆಗುವಂಥದ್ದಲ್ಲ, ಇಂಜಿನಿಯರ್ ಲ್ಯಾಬ್‌ನಲ್ಲೇ ಇರಬೇಕು ಅಂತ ಆಗಿನ ಅಧ್ಯಕ್ಷ ಕೆ. ಶಿವನ್ ಅವರೇ ಆ ಸಮಯದಲ್ಲಿ ಹೇಳಿದ್ದರು. ಗಗನಯಾನದ ಮೊದಲ ಮಾನವರಹಿತ ಹಾರಾಟ 2020ರ ಡಿಸೆಂಬರ್‌ಗೆ ಅಂತ ಇತ್ತು, ಅದು ಹೋಯಿತು. ರಷ್ಯಾದಲ್ಲಿ ತರಬೇತಿಗೆ ಹೋಗಿದ್ದ ನಮ್ಮ ನಾಲ್ವರು ಪೈಲಟ್‌ಗಳ ತರಗತಿಗಳೂ ನಿಂತು 2020ರ ಮೇ ತಿಂಗಳಲ್ಲಿ ಮತ್ತೆ ಶುರುವಾದವು.

ಆದರೆ ಯಾರೂ ಇಲ್ಲಿ ಹೇಳದ ಒಂದು ವಿಷಯ ಇದೆ: ಆಕ್ಸಿಜನ್. ರಾಕೆಟ್‌ಗೂ ಆಸ್ಪತ್ರೆಗೂ ಬೇಕಾದದ್ದು ಒಂದೇ ದ್ರವ, ಅದೇ ಟ್ಯಾಂಕರ್. ಎಸ್‌ಎಲ್‌ಎಸ್ ಕೋರ್ ಸ್ಟೇಜ್ ಒಂದು ಸಲ ತುಂಬಲು ಏಳು ಲಕ್ಷ ಲೀಟರ್‌ಗೂ ಜಾಸ್ತಿ ಲಿಕ್ವಿಡ್ ಆಕ್ಸಿಜನ್ ಬೇಕು, ಇಪ್ಪತ್ತು ಲಕ್ಷ ಲೀಟರ್ ಹೈಡ್ರೋಜನ್ ಬೇರೆ. 2021ರ ಎರಡನೇ ಅಲೆಯಲ್ಲಿ ಮಹೇಂದ್ರಗಿರಿಯ ಇಸ್ರೋ ಘಟಕ, ಇಂಜಿನ್ ಪರೀಕ್ಷಿಸುವ ಜಾಗ ಅದು, ತನ್ನ ಆಕ್ಸಿಜನ್ ಅನ್ನು ತಮಿಳುನಾಡು, ಕೇರಳದ ಆಸ್ಪತ್ರೆಗಳಿಗೆ ಕಳಿಸಿತು. ಅಲೆ ಇಳಿದ ಮೇಲೆ ಜುಲೈ 14ಕ್ಕೆ ಅಲ್ಲೇ ಗಗನಯಾನದ ವಿಕಾಸ್ ಇಂಜಿನ್ 240 ಸೆಕೆಂಡ್ ಉರಿಸಿದರು. ವಿಕಾಸ್‌ಗೆ ಆಕ್ಸಿಜನ್ ಬೇಡ, ಅದರ ಇಂಧನವೇ ಬೇರೆ, ಹಾಗಾಗಿ ಎರಡಕ್ಕೂ ನೇರ ಸಂಬಂಧ ಕಟ್ಟಬೇಡಿ.

ಅಮೆರಿಕದಲ್ಲಿ ಇನ್ನೂ ವಿಚಿತ್ರ. 2021ರ ಸೆಪ್ಟೆಂಬರ್‌ನಲ್ಲಿ ಭೂಮಿಯ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್-9 ಉಪಗ್ರಹದ ಉಡಾವಣೆ ಒಂದು ವಾರ ಮುಂದೆ ಹೋಯಿತು, ಕಾರಣ ಲಿಕ್ವಿಡ್ ನೈಟ್ರೋಜನ್ ಕೊರತೆ. ಆಸ್ಪತ್ರೆಗಳಿಗೆ ಆಕ್ಸಿಜನ್ ಬೇಡಿಕೆ ಏರಿ ನೈಟ್ರೋಜನ್ ಸಾಗಣೆಗೆ ಪೆಟ್ಟು ಬಿತ್ತು. ರಾಕೆಟ್ ರೆಡಿ, ಉಪಗ್ರಹ ರೆಡಿ, ಜನ ರೆಡಿ, ಆದರೆ ಗಾಳಿ ಬರಲಿಲ್ಲ. ಸ್ಪ್ಯಾನರ್ ಸರ್ ಹೇಳಿದ ಆ ಒಣ ನೈಟ್ರೋಜನ್ ಕೂಡ ಹೀಗೇ ಹೊರಗಿನಿಂದ ಬರಬೇಕು.

---

ಕುತೂಹಲಿ_ಕಿಟ್ಟಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕನೆಕ್ಟರ್ ಕಥೆ ನಮ್ಮ ಲ್ಯಾಬ್ ಅಟೆಂಡರ್ ಅವರಿಗೆ ಓದಿ ಹೇಳಿದೆ, ಅವರು ಎದ್ದು ನಿಂತು ನಕ್ಕರು.

ಸ್ಪ್ಯಾನರ್ ಸರ್, ಒಂದೇ ಒಂದು ಪ್ರಶ್ನೆ. ಆ ಫ್ಲೇಂಜ್ ಬಿಚ್ಚಿದಿರಲ್ಲ, ಇನ್‌ಸ್ಪೆಕ್ಟರ್ ಸಹಿ ಇಲ್ಲದ್ದು. ಅದರ ಬೋಲ್ಟ್‌ಗಳು ನಿಜವಾಗಿ ಸಡಿಲ ಇದ್ದವಾ?

---

ಹಳೇ_ಸ್ಪ್ಯಾನರ್:

ಇಲ್ಲಪ್ಪ. ಎಲ್ಲವೂ ಸರಿಯಾಗಿ ಬಿಗಿಯಾಗಿದ್ದವು. ಬಿಚ್ಚುವಾಗ ಒಳಗಿನ ಸೀಲ್ ಹಾಳಾಯಿತು, ಒಮ್ಮೆ ಬಿಚ್ಚಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ಸ್ಟೋರ್‌ನಲ್ಲಿ ಇದ್ದದ್ದರ ಮೇಲೆ ಕೂಡ ಒಂದು ದಿನಾಂಕ ಇತ್ತು, ಅದೂ ಮುಗಿದಿತ್ತು. ಹೊಸದು ಬರಲು ಐದು ದಿನ.